ಡಾಕ್ಟರೇ ಬರೆದ ಮಾತ್ರೆ ಮಾದಕ ವಸ್ತು ಹೇಗಾಗುತ್ತೆ?

ಪ್ರಶ್ನೆ: ನಮ್ಮ ತಾಯಿಗೆ ಮೊಣಕಾಲು ನೋವು. ಟ್ರಮಡಾಲ್ ಇರುವ ಮಾತ್ರೆ ತಗೊಳ್ತಾರೆ, ನಿದ್ದೆಗೆ ಆಲ್ಪ್ರಜೋಲಾಮ್. ಮೊನ್ನೆ ಗೋಣಿಕೊಪ್ಪದ ಒಂದು ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿದರೆ ಕೊಡಲಿಲ್ಲ. ‘ಇದು ಎನ್‌ಡಿಪಿಎಸ್‌ನಲ್ಲಿ ಬರುತ್ತೆ, ಹೊಸ ಚೀಟಿ ತನ್ನಿ’ ಅಂದರು. ಗಾಂಜಾಕ್ಕೆ ಹಾಕುವ ಕಾಯ್ದೆ ಡಾಕ್ಟರೇ ಬರೆದ ಮಾತ್ರೆಗೂ ಬರುತ್ತಾ? ಕೇರಳ ಗಡಿಯ ಕುಟ್ಟ ಗೇಟಿನಲ್ಲಿ ಬ್ಯಾಗ್ ತೆಗೆಸಿದರೆ ಏನು ಗತಿ?

ಉತ್ತರ: ಬರುತ್ತೆ. ಆದರೆ ನಿಮ್ಮ ತಾಯಿ ಹೆದರಬೇಕಾಗಿಲ್ಲ. ಅಂಗಡಿಯವರು ಕೊಡದೇ ಇದ್ದದ್ದೂ ಸರಿಯೇ.

ನಮ್ಮಲ್ಲಿ ಇಂಥ ಮಾತ್ರೆಗಳ ಮೇಲೆ ಎರಡು ಕಾನೂನುಗಳ ಕಣ್ಣಿದೆ. ಒಂದು, 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ. ಅದರ ಕೆಳಗೆ 1945ರ ನಿಯಮಗಳಿವೆ. ಮಾತ್ರೆಯನ್ನು ಯಾರು, ಯಾರಿಗೆ, ಯಾವ ಚೀಟಿ ನೋಡಿ ಮಾರಬೇಕು ಅನ್ನೋದನ್ನು ಇವು ಹೇಳುತ್ತವೆ. ಇನ್ನೊಂದು, 1985ರ ಎನ್‌ಡಿಪಿಎಸ್, ಅಂದರೆ ಮಾದಕ ಮತ್ತು ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತುಗಳ ಕಾಯ್ದೆ. ಅದೇ ಮಾತ್ರೆ ದಾರಿ ತಪ್ಪಿದರೆ ಜೈಲಿನ ಲೆಕ್ಕ ಹಾಕೋದು ಇದು. ಈ ಕಾಯ್ದೆಯ 8ನೇ ಕಲಂ ಎಲ್ಲವನ್ನೂ ಒಟ್ಟಿಗೆ ನಿಷೇಧಿಸಿ, ‘ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ, ನಿಯಮದ ಪ್ರಕಾರ ಆದರೆ ಆಗಬಹುದು’ ಅಂತ ಒಂದು ಬಾಗಿಲು ತೆರೆದಿಟ್ಟಿದೆ. ನಿಮ್ಮ ತಾಯಿ ಆ ಬಾಗಿಲೊಳಗೆ ಇದ್ದಾರೆ. ಕೊಡಗಿನವರಿಗೆ ಲೈಸೆನ್ಸ್ ಇಲ್ಲದೇ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಗೊತ್ತೇ ಇದೆಯಲ್ಲ, ಇದೂ ಹಾಗೇ. ವಿನಾಯಿತಿ ಇದೆ ಅಂದ ಮಾತ್ರಕ್ಕೆ ನಿಯಮವೇ ಇಲ್ಲ ಅಂತಾಗಲ್ಲ.

ಮನೆಯಲ್ಲಿರೋ ಸ್ಟ್ರಿಪ್ಪನ್ನು ಒಮ್ಮೆ ತಿರುಗಿಸಿ ನೋಡಿ. ಎಡಗಡೆ ಮೇಲಿನ ಮೂಲೆಯಲ್ಲಿ ಗುರುತಿನ ಅಕ್ಷರ ಇರುತ್ತೆ. ಬರೀ ‘ಆರ್‌ಎಕ್ಸ್’ ಇದ್ದರೆ ಚೀಟಿ ಬೇಕಾದ ಸಾಮಾನ್ಯ ಔಷಧಿ. ಅದರ ಮುಂದೆ ‘ಎನ್’ ಸೇರಿದ್ದರೆ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ ಅಂತ. ‘ಎಕ್ಸ್’ ಸೇರಿದ್ದರೆ 1945ರ ನಿಯಮಗಳಲ್ಲಿರುವ ಇನ್ನೂ ಬಿಗಿಯಾದ ಪಟ್ಟಿ, ಶೆಡ್ಯೂಲ್ ಎಕ್ಸ್. ಕೆಟಮಿನ್, ಗಮನ ನಿಲ್ಲದ ಮಕ್ಕಳಿಗೆ ಕೊಡುವ ಮಿಥೈಲ್‌ಫೆನಿಡೇಟ್ ಎಲ್ಲ ಅಲ್ಲಿ ಬರುತ್ತವೆ. ಅವುಗಳಿಗೆ ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಮಾರೋದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಎಲ್ಲ ಮೆಡಿಕಲ್‌ಗಳ ಹತ್ತಿರ ಅದು ಇರಲ್ಲ.

ನಿಮ್ಮ ತಾಯಿಯ ಎರಡೂ ಮಾತ್ರೆ ಇರೋದು ಶೆಡ್ಯೂಲ್ ಎಚ್1ರಲ್ಲಿ. 2013ರಲ್ಲಿ ಹೊರಡಿಸಿ, 2014ರ ಮಾರ್ಚ್‌ನಿಂದ ಜಾರಿಗೆ ತಂದ ಪಟ್ಟಿ ಇದು. ಟ್ರಮಡಾಲ್, ಕೊಡೀನ್, ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಅದರಲ್ಲಿವೆ. ತಮಾಷೆ ಅಂದ್ರೆ, ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್ಕು, ಕ್ಷಯದ ಮಾತ್ರೆಗಳೂ ಅದರಲ್ಲೇ ಇವೆ. ಚಟ ಹತ್ತಿಸೋದು ಒಂದು ತೊಂದರೆ, ರೋಗಾಣು ಮಣಿಯದೇ ಹೋಗೋದು ಇನ್ನೊಂದು. ಎರಡನ್ನೂ ಒಂದೇ ಗೋಣಿಗೆ ತುಂಬಿದ್ದು ನನಗಂತೂ ಜಾಣತನ ಅನ್ನಿಸಲ್ಲ. ಅದಿರಲಿ. ಈ ಪಟ್ಟಿಯ ಔಷಧಿ ಮಾರಿದಾಗ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟರು ಅನ್ನೋದನ್ನೆಲ್ಲ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳೋದು ಆ ಪುಸ್ತಕವನ್ನೇ.

ಹಳೇ ಚೀಟಿ ಯಾಕೆ ನಡೆಯಲಿಲ್ಲ? 1945ರ ನಿಯಮಗಳ 65ನೇ ನಿಯಮದ ಪ್ರಕಾರ ಇಂಥ ಚೀಟಿಗೆ ಒಮ್ಮೆ ಮಾತ್ರ ಔಷಧಿ ಕೊಡಬೇಕು. ಮತ್ತೆ ಮತ್ತೆ ಕೊಡಬಹುದು ಅಂತ ಡಾಕ್ಟರೇ ಬರೆದಿದ್ದರೆ ಬೇರೆ ಮಾತು. ಈ ಒಂದು ಸಾಲು ಬರೆಸಿಕೊಳ್ಳದೇ ಬರೋದೇ ಹೆಚ್ಚಿನವರ ತೊಂದರೆ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಬಂದು ಹೋಗೋದಕ್ಕೇ ಅರ್ಧ ದಿನ ಬೇಕು, ಅಲ್ವಾ? ಹಾಗಾಗಿ ಮುಂದಿನ ಸಲ ‘ತಿಂಗಳಿಗೆ ಇಷ್ಟು, ಮೂರು ಸಲ ಕೊಡಬಹುದು’ ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಬರೆಯೋದು ಬಿಡೋದು ಡಾಕ್ಟರಿಗೆ ಬಿಟ್ಟಿದ್ದು, ಕೇಳೋದರಲ್ಲಿ ತಪ್ಪಿಲ್ಲ. ಫೋನಿನಲ್ಲೇ ಬರೆಸಿಬಿಡೋಣ ಅಂತ ನಂಬಿ ಕೂರಬೇಡಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಶೆಡ್ಯೂಲ್ ಎಕ್ಸ್ ಮತ್ತು ಎನ್‌ಡಿಪಿಎಸ್ ಔಷಧಿಗಳನ್ನು ಬರೆಯಬಾರದ ಪಟ್ಟಿಗೇ ಹಾಕಿತ್ತು.

ಇನ್ನು ಟ್ರಮಡಾಲ್ ವಿಷಯ. ಇದು ಎನ್‌ಡಿಪಿಎಸ್ ಪಟ್ಟಿಗೆ ಸೇರಿದ್ದು 2018ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಎಚ್1ರಲ್ಲಿ ಮಾತ್ರ ಇತ್ತು. ‘ಹತ್ತು ವರ್ಷದ ಹಿಂದೆ ಸುಮ್ನೆ ಕೊಡ್ತಿದ್ರು’ ಅನ್ನೋರಿಗೆ ಅರ್ಧ ಉತ್ತರ ಇದರಲ್ಲಿದೆ. ಇನ್ನರ್ಧ, ಆಗಲೂ ಸುಮ್ನೆ ಕೊಡೋ ಹಾಗಿರಲಿಲ್ಲ.

ಅಮೆರಿಕದಲ್ಲಿ ಮಕ್ಕಳಿರುವವರು ಅಲ್ಲಿನ ಪಟ್ಟಿ ಹಿಡಿದು ವಾದಕ್ಕೆ ಬರುವುದುಂಟು. ಅಲ್ಲಿ 1970ರ ಕಾಯ್ದೆ ಐದು ಮೆಟ್ಟಿಲು ಮಾಡಿದೆ. ಚಟದ ಅಪಾಯ ಕಡಿಮೆಯಾದಂತೆ ಔಷಧಿ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತೆ. ಕೆಟಮಿನ್ ಮೂರರಲ್ಲಿ, ಟ್ರಮಡಾಲ್, ಆಲ್ಪ್ರಜೋಲಾಮ್ ನಾಲ್ಕರಲ್ಲಿ. ನಮ್ಮಲ್ಲಿ ಆ ಥರ ‘ಮಧ್ಯಮ ಅಪಾಯ’ ಅಂತ ಮೆಟ್ಟಿಲೇ ಇಲ್ಲ. ಮಾರಾಟಕ್ಕೆ ಒಂದು ಪಟ್ಟಿ, ಶಿಕ್ಷೆಗೆ ಇನ್ನೊಂದು. ಶಿಕ್ಷೆಯ ಲೆಕ್ಕ ನಡೆಯೋದು ತೂಕದ ಮೇಲೆ.

ಈ ತೂಕದ ಕಥೆ ಸ್ವಲ್ಪ ಗಮನ ಕೊಟ್ಟು ಓದಿ. ಟ್ರಮಡಾಲ್‌ಗೆ 5 ಗ್ರಾಂವರೆಗೆ ಸಣ್ಣ ಪ್ರಮಾಣ, 250 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಸಣ್ಣದಕ್ಕೆ 1 ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ನಡುವಿನದಕ್ಕೆ 10 ವರ್ಷದವರೆಗೆ. ವಾಣಿಜ್ಯ ಅಂದರೆ ಕನಿಷ್ಠವೇ 10 ವರ್ಷ. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಅಂದ್ರೆ, ಮಿಶ್ರಣದ ಪೂರ್ತಿ ತೂಕ ಹಿಡಿಯಬೇಕು, ಒಳಗಿರುವ ಮಾದಕ ಅಂಶದ ತೂಕ ಮಾತ್ರ ಸಾಲದು. ಈಗ ಸಾಮಾನ್ಯವಾಗಿ ಬರೆಯುವ ನೋವಿನ ಮಾತ್ರೆ ತಗೊಳ್ಳಿ. ಟ್ರಮಡಾಲ್ 37.5 ಮಿಲಿಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್ 325. ಹದಿನಾಲ್ಕು ಮಾತ್ರೆಯಲ್ಲಿ ಟ್ರಮಡಾಲ್ ಇರೋದು ಅರ್ಧ ಗ್ರಾಂ ಚಿಲ್ಲರೆ. ಪೂರ್ತಿ ತೂಕ ಹಿಡಿದರೆ 5 ಗ್ರಾಂ ದಾಟಿಯೇ ಹೋಯಿತು! ಜ್ವರದ ಪ್ಯಾರಾಸಿಟಮಾಲ್ ತೂಕಕ್ಕೂ ಶಿಕ್ಷೆ ಬೆಳೆಯೋದು ನನಗೆ ನ್ಯಾಯ ಅನ್ನಿಸಲ್ಲ. ಆದರೆ ಕೋರ್ಟು ಹಾಗೆ ಹೇಳಿದೆ, ಅಂಗಡಿಯವರು ಅದಕ್ಕೇ ಕೈ ಹಿಂದೆ ತೆಗೀತಾರೆ.

ರೋಗಿಯ ಲೆಕ್ಕ ಬೇರೆ. ಎನ್‌ಡಿಪಿಎಸ್ ನಿಯಮಗಳ 66ನೇ ನಿಯಮದ ಪ್ರಕಾರ, ಸ್ವಂತ ಚಿಕಿತ್ಸೆಗೆ ಒಮ್ಮೆಗೆ 100 ಡೋಸ್‌ವರೆಗೆ ಇಟ್ಟುಕೊಳ್ಳಬಹುದು. ದೀರ್ಘ ಕಾಲದ ಚಿಕಿತ್ಸೆ ಅಂತ ಡಾಕ್ಟರ್ ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ. ಕುಟ್ಟವೋ ಮಾಕುಟ್ಟವೋ, ಗೇಟು ದಾಟುವಾಗ ಸ್ಟ್ರಿಪ್, ಚೀಟಿ, ಬಿಲ್ಲು ಮೂರೂ ಒಂದೇ ಕವರಿನಲ್ಲಿರಲಿ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಿಕೊಂಡು ಹೋಗಬೇಡಿ. ಡಬ್ಬಿಯಲ್ಲಿ ಹೆಸರೂ ಇಲ್ಲ, ಬ್ಯಾಚ್ ನಂಬರೂ ಇಲ್ಲ.

ಒಂದು ಕೆಲಸ ಮಾತ್ರ ಬೇಡವೇ ಬೇಡ. ಕಾಫಿ ಕೊಯ್ಲಿನಲ್ಲಿ ಸೊಂಟ ಹಿಡಿದವರಿಗೆ ‘ಅಮ್ಮನ ಮಾತ್ರೆ ಒಂದು ತಗೋ, ಚೆನ್ನಾಗಿ ಹಿಡಿಯುತ್ತೆ’ ಅಂತ ತೋಟದ ಕಾರ್ಮಿಕರ ಲೈನ್ ಮನೆಗೆ ಕೊಟ್ಟು ಕಳಿಸೋದು. ಕೊಡೋರದ್ದು ಒಳ್ಳೆ ಮನಸ್ಸೇ. ಆದರೆ 66ನೇ ನಿಯಮದ ರಕ್ಷಣೆ ನಿಮ್ಮ ತಾಯಿಗೆ ಇದೆ, ಅವರಿಗಿಲ್ಲ. ಕೊಟ್ಟ ನಿಮಗೂ ಇಲ್ಲ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಟ್ರಮಡಾಲ್ ಮತ್ತು ಆಲ್ಪ್ರಜೋಲಾಮ್ ಎರಡನ್ನೂ ಒಬ್ಬರೇ ಡಾಕ್ಟರ್ ಬರೆದಿದ್ದಾರಾ? ಮೂಳೆ ಡಾಕ್ಟರ್ ಒಂದು, ಇನ್ನೊಬ್ಬರು ಇನ್ನೊಂದು ಬರೆದಿದ್ದರೆ, ಎರಡೂ ನಡೀತಿದೆ ಅಂತ ಇಬ್ಬರಿಗೂ ತಿಳಿಸಿ. ಒಟ್ಟಿಗೆ ತಗೊಂಡರೆ ಮಂಪರು ಜಾಸ್ತಿಯಾಗಿ ಉಸಿರಾಟ ನಿಧಾನ ಆಗಬಹುದು. ವಯಸ್ಸಾದವರಲ್ಲಿ ರಾತ್ರಿ ಎದ್ದು ಬೀಳೋ ಭಯ ಬೇರೆ. ಹಾಗಂತ ಮಾತ್ರೆ ಸಿಗಲಿಲ್ಲ ಅಂತ ಒಮ್ಮೆಲೇ ನಿಲ್ಲಿಸಲೂಬೇಡಿ. ಬಹಳ ಕಾಲ ತಗೊಂಡ ಆಲ್ಪ್ರಜೋಲಾಮ್ ಥಟ್ಟನೆ ನಿಂತರೆ ಫಿಟ್ಸ್ ಬರಬಹುದು. ಇನ್ನೂ ನಾಲ್ಕೈದು ದಿನದ ಮಾತ್ರೆ ಇರುವಾಗಲೇ ತಾಯಿಯನ್ನು ಕರ್ಕೊಂಡು ಹೋಗಿ ಹೊಸ ಚೀಟಿ ಬರೆಸಿ.