ಬೆಳಗ್ಗೆ ಎಷ್ಟು ಗಂಟೆಗೆ ಗಾಳ ಹಾಕಬೇಕು?

ಓದುಗರ ಪ್ರಶ್ನೆ: "ಸರ್, ಈ ಶನಿವಾರ ಹುಬ್ಬಳ್ಳಿಯಿಂದ ಗೋವಾಕ್ಕೆ ಬರ್ತಾ ಇದೀವಿ. ರಾಡ್, ರೀಲ್ ಎಲ್ಲಾ ತಗೊಂಡಿದೀವಿ. ಬೆಳಗ್ಗೆ ಎಷ್ಟು ಗಂಟೆಗೆ ಗಾಳ ಹಾಕಿದ್ರೆ ಮೀನು ಸಿಗುತ್ತೆ? ಐದಕ್ಕಾ, ಆರಕ್ಕಾ? ಚೊಣಾಕ್‌ಗೆ (ಬಾರಾಮುಂಡಿ ಮೀನಿಗೆ) ಯಾವ ಬೇಟ್ (ಎರೆ) ಒಳ್ಳೇದು?"

ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಬೆಳಗಾವಿಯವರು, ಧಾರವಾಡದವರು, ದಾಂಡೇಲಿಯವರು ಕೇಳುತ್ತಾರೆ. ಇಲ್ಲೇ ವಾಸ್ಕೋ, ವೆರ್ಣಾದಲ್ಲಿ ಕೆಲಸಕ್ಕಿರುವ ನಮ್ಮವರೂ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮುಂದಿನ ಶುಕ್ರವಾರ ಸಂಜೆ ಮತ್ತೆ ಅದೇ. ಅದಕ್ಕೇ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಗಾಳ ಕಟ್ಟೋದು, ತಂಗೂಸಿ ಸುತ್ತೋದು ನಿಮಗೆ ಗೊತ್ತಿರುತ್ತದೆ. ಅದನ್ನು ಬಿಡೋಣ.

ಉತ್ತರ ಇಷ್ಟೇ: ಗಡಿಯಾರ ನೋಡಬೇಡಿ, ನೀರು ನೋಡಿ. ನೀರು ಓಡುತ್ತಿರುವಾಗ ಗಾಳ ಹಾಕಿ. ನಿಂತಾಗ ಹೋಗಿ ಚಹಾ ಕುಡಿದು ಬನ್ನಿ.

ಬೆಳಗಿನ ಜಾವದ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಬಯಲುಸೀಮೆಯವರು ಗಾಳ ಕಲಿಯುವುದು ಕೆರೆ ದಂಡೆಯಲ್ಲಿ. ಕೆರೆಯದು ನಿಂತ ನೀರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬದಲಾಗುವುದು ಬೆಳಕು ಮತ್ತು ನೀರಿನ ಬಿಸಿ. ಬಿಸಿಲೇರಿದರೆ ಮೀನು ಆಳಕ್ಕೆ ಇಳಿಯುತ್ತದೆ, ತಂಪು ಹೊತ್ತಿನಲ್ಲಿ ದಂಡೆಗೆ ಬರುತ್ತದೆ. ಹಾಗಾಗಿ ಕೆರೆಯಲ್ಲಿ ಬೆಳಗ್ಗೆ ಆರು ಗಂಟೆ ಅನ್ನೋದು ಸರಿಯಾದ ಮಾತು. ನಿಮ್ಮ ಅಪ್ಪ, ಮಾವ ಹೇಳಿಕೊಟ್ಟಿದ್ದು ಸುಳ್ಳಲ್ಲ. ಆದರೆ ಇಲ್ಲಿನ ಮಾಂಡವಿ ನದಿ ಕೆರೆಯಲ್ಲ, ಜುವಾರಿ ಕೆರೆಯಲ್ಲ, ಸಾಳ್ ನದಿಯೂ ಕೆರೆಯಲ್ಲ. ಇಲ್ಲಿ ಸಮುದ್ರ ದಿನಕ್ಕೆ ಎರಡು ಸಲ ನದಿಯೊಳಗೆ ಬಂದು ಎರಡು ಸಲ ವಾಪಸ್ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಭರತ, ಇಳಿತ ಅನ್ನುತ್ತಾರೆ. ಇಲ್ಲಿನವರು ಭರತಿ, ಸುಕತಿ ಅನ್ನುತ್ತಾರೆ.

ಇದು ನದಿಬಾಯಿಯ ಸಂಗತಿ ಮಾತ್ರ ಅಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡವಿ. ಆ ಮಾಂಡವಿಯಲ್ಲಿ ಸಮುದ್ರದಿಂದ ಸುಮಾರು 40 ಕಿ.ಮೀ. ಒಳಗಿನವರೆಗೂ ನೀರಿನ ಏರಿಳಿತ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಅಳೆದು ನೋಡಿದ್ದಾರೆ. ನದಿ ಒಳಕ್ಕೆ ಹೋದಂತೆ ಕಿರಿದಾಗುವುದರಿಂದ ಭರತದ ಜೋರು ಉಳಿದುಕೊಳ್ಳುತ್ತದೆ. ದಿವಾಡಿಯ ಫೆರಿ ಕಟ್ಟೆಯಲ್ಲಿ ನಿಂತರೂ ಅಷ್ಟೇ, ಬೋರಿಂ ಸೇತುವೆಯ ಬುಡದಲ್ಲಿ ನಿಂತರೂ ಅಷ್ಟೇ. ನೀವು ನಿಂತಿರುವುದು ಸಮುದ್ರದ ಲೆಕ್ಕದಲ್ಲೇ.

ಈಗ ಆ ಲೆಕ್ಕ ಮಾಡೋಣ, ಸ್ವಲ್ಪ ಗಮನ ಕೊಡಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ 350 ನಿಮಿಷ, ಅಂದರೆ ಹತ್ತಿರ ಹತ್ತಿರ ಆರು ಗಂಟೆ. ಪೂರ್ತಿ ಭರತದಿಂದ ಪೂರ್ತಿ ಇಳಿತಕ್ಕೂ ಸುಮಾರು ಆರು ಗಂಟೆಯೇ. ಹಾಗಾದರೆ ಏನಾಯಿತು? ಈ ಶನಿವಾರ ಬೆಳಗ್ಗೆ 6ಕ್ಕೆ ನೀರು ಜೋರಾಗಿ ಇಳಿಯುತ್ತಿದ್ದರೆ, ಮುಂದಿನ ಶನಿವಾರ ಅದೇ 6ಕ್ಕೆ ನೀರು ಏರುತ್ತಿರುತ್ತದೆ. ಗಂಟೆ ಅದೇ, ಕಲ್ಲು ಅದೇ, ಬೇಟ್ ಅದೇ, ನೀರು ಮಾತ್ರ ಉಲ್ಟಾ. "ಹೋದ ವಾರ ಇಲ್ಲೇ ಸಿಕ್ಕಿತ್ತಲ್ಲ ಸರ್, ಈ ವಾರ ಯಾಕಿಲ್ಲ?" ಎಂಬ ಪ್ರಶ್ನೆಗೆ ಇದೇ ಉತ್ತರ. ಎರಡು ವಾರ ಬಿಟ್ಟು ಬನ್ನಿ, ನೀರು ಹೆಚ್ಚೂಕಡಿಮೆ ಮೊದಲಿನ ಹಾಗೆ ಸಿಗುತ್ತದೆ.

ಇನ್ನೊಂದು ಸಂಗತಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಗೋವಾದ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಅದರ ಅರ್ಧದಷ್ಟೂ ಇಲ್ಲದ ದಿನಗಳಿರುತ್ತವೆ. ಮತ್ತು ಅಮಾವಾಸ್ಯೆ, ಹುಣ್ಣಿಮೆಯಲ್ಲಿ ನದಿಬಾಯಿಯ ಭರತ ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದರ ಸುತ್ತಮುತ್ತ ಬರುತ್ತದೆ. ಅಂದರೆ ಬೆಳಗಿನ ಜಾವ ಐದರ ಹೊತ್ತಿಗೆ ನೀರು ತಳ ಕಂಡಿರುತ್ತದೆ. ಹುಣ್ಣಿಮೆ ನೋಡಿಕೊಂಡು ಬಂದು ಐದು ಗಂಟೆಗೆ ಗಾಳ ಹಾಕುವವರು ಇಡೀ ದಿನದ ಅತಿ ಮಂದ ಹೊತ್ತನ್ನು ಹುಡುಕಿ ತೆಗೆದ ಹಾಗಾಯಿತು.

ನನ್ನ ಮಾವನ ಮಗ ಒಮ್ಮೆ ಹುಬ್ಬಳ್ಳಿಯಿಂದ ಬಂದಿದ್ದ. ಅಮಾವಾಸ್ಯೆಯ ಮರುದಿನ. ನಾನು ಹೇಳಿದ್ದನ್ನು ಕೇಳಲಿಲ್ಲ. ಕತ್ತಲಲ್ಲೇ ಎಬ್ಬಿಸಿದ. "ಅಣ್ಣಾ, ಏಳ್ರಿ, ಹೊತ್ತಾದ್ರ ಮೀನ ಹೋಗ್ತಾವ." ರಾಯ್ಬಂದರ್‌ನ ಹಳೆಯ ಕಟ್ಟೆ ರಸ್ತೆಗೆ ಹೋದೆವು. ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿದ ದಾರಿ ಅದು, ಇವತ್ತಿಗೂ ಗಾಳ ಹಾಕುವವರ ಅಚ್ಚುಮೆಚ್ಚಿನ ಜಾಗ. ಬೆಳಕಾದಾಗ ನೋಡಿದರೆ ಗೋಡೆಯ ಬುಡದಲ್ಲಿ ಕೆಸರು ಹೊಳೆಯುತ್ತಿತ್ತು. ಪುಟ್ಟ ಏಡಿಗಳು ಓಡಾಡುತ್ತಿದ್ದವು. ಎಸೆದಾಗಲೆಲ್ಲ ಸೀಸದ ಗುಂಡು ಕೆಸರಲ್ಲಿ ಹೂತು ತಂಗೂಸಿ ಸಡಿಲವಾಗಿ ಬಿದ್ದುಕೊಳ್ಳುತ್ತಿತ್ತು. ಅವನು ಬೇಟ್ ಬದಲಿಸಿದ, ಗಾಳ ಬದಲಿಸಿದ, ಜಾಗ ಬದಲಿಸಿದ. ಎಂಟರ ಹೊತ್ತಿಗೆ ನೀರು ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂತು. ತಂಗೂಸಿ ಬಿಗಿಯಾಗಿ ಒಂದು ಕಡೆಗೆ ಬಾಗಿತು. ಆಮೇಲೆ ಸಿಕ್ಕಿದ ತಾಂಬುಸೊ ಅವನ ರಾಡನ್ನೇ ಕೆಳಕ್ಕೆ ಎಳೆದುಕೊಂಡು ಹೋಯಿತು. ಹೊಳೆಯುವ ತಾಮ್ರದ ಬಣ್ಣದ ಮೀನು. ಅವನ ಮುಖ ನೋಡಬೇಕಿತ್ತು! ಈಗ ಫೋನ್ ಮಾಡಿದರೆ ಮೊದಲು ಕೇಳುವುದೇ "ಅಣ್ಣಾ, ಭರತ ಎಷ್ಟೊತ್ತಿಗೆ ಐತ್ರಿ?" ಅಂತ. ನನಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ.

ಆದರೂ ವಾದ ನಿಲ್ಲುವುದಿಲ್ಲ. "ಮಾರ್ಕೆಟ್‌ಗೆ ಮೀನು ಬೆಳಗ್ಗೆಯೇ ಬರುತ್ತಲ್ವಾ?" ಅನ್ನುತ್ತಾರೆ. ಬರುತ್ತದೆ, ಯಾಕೆಂದರೆ ಬೋಟಿನವರು ರಾತ್ರಿಯೆಲ್ಲ ದುಡಿದು ಬೆಳಗ್ಗೆ ಮಾಲಿಂ, ಕುಟ್ಬಣ ಜೆಟ್ಟಿಗೆ ಬರುತ್ತಾರೆ. ಅದು ಅವರ ಮಾರಾಟದ ಹೊತ್ತು, ಮೀನು ಕಚ್ಚುವ ಹೊತ್ತಲ್ಲ. "ಫೋಟೊದಲ್ಲಿ ದೊಡ್ಡ ಚೊಣಾಕ್ ಹಿಡಿದವರು ಬೆಳಗ್ಗೆ ಆರಕ್ಕೇ ಹಿಡಿದಿದ್ದರು" ಅನ್ನುತ್ತಾರೆ. ಹಿಡಿದಿರಬಹುದು. ಆ ತಾರೀಖಿನ ಭರತ ಎಷ್ಟು ಹೊತ್ತಿಗಿತ್ತು ಅಂತ ತೆಗೆದು ನೋಡಿ, ಕಾರಣ ಅಲ್ಲೇ ಸಿಗುತ್ತದೆ. ಬೆಳಕಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಚೊಣಾಕ್, ತಾಂಬುಸೊ ಎರಡೂ ಮಬ್ಬು ಬೆಳಕಿನಲ್ಲಿ ಧೈರ್ಯವಾಗಿ ಬೇಟೆಗೆ ಇಳಿಯುತ್ತವೆ. ಮುಸ್ಸಂಜೆಯೂ ಓಡುವ ನೀರೂ ಕೂಡಿ ಬಂದರೆ ರಜೆ ಹಾಕಿಯಾದರೂ ಹೋಗಿ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನೀರನ್ನೇ ಆರಿಸಿ.

ಓಡುವ ನೀರಿನಲ್ಲಿ ಅಂಥದ್ದೇನಿದೆ? ಒಂದು ಮಾನಸ್ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ, ಗೊತ್ತಾಗುತ್ತದೆ. ಅಘನಾಶಿನಿ ಕಡೆ ಗಜನಿ ಗದ್ದೆಗಳಿವೆಯಲ್ಲ, ಅಂಥವೇ ಇಲ್ಲಿನ ಖಾಜನ್ ಗದ್ದೆಗಳು. ನದಿಯ ಉಪ್ಪುನೀರನ್ನು ಬದು ಕಟ್ಟಿ ತಡೆದಿರುತ್ತಾರೆ. ಬದುವಿನ ನಡುವೆ ನೀರು ಹೋಗಿ ಬರಲು ಇಟ್ಟ ಬಾಗಿಲೇ ಮಾನಸ್. ಮರದ ಹಲಗೆಯ ಬಾಗಿಲು, ಒಂದೇ ಕಡೆಗೆ ತೆರೆಯುತ್ತದೆ. ಹೊರಗೆ ನದಿ ಏರಿದಾಗ ನೀರಿನ ಒತ್ತಡಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನದಿ ಇಳಿದಾಗ ಒಳಗಿನ ನೀರು ಬಾಗಿಲನ್ನು ತಳ್ಳಿ ಹೊರಗೆ ಧುಮುಕುತ್ತದೆ. ಅದರ ಜೊತೆ ಸಿಗಡಿ, ಮರಿಮೀನು ಎಲ್ಲಾ ಕೊಚ್ಚಿಕೊಂಡು ಬರುತ್ತವೆ. ಹೊರಗೆ ಸುಳಿಯ ಅಂಚಿನಲ್ಲಿ ಚೊಣಾಕ್ ಬಾಗಿಲಿನ ಕಡೆಗೆ ಮುಖ ಮಾಡಿ ಕಾಯುತ್ತಿರುತ್ತದೆ. ಒಮ್ಮೊಮ್ಮೆ "ಗುಳುಂ" ಎಂದು ಶಬ್ದ ಬರುತ್ತದೆ, ನೀರಿನ ಮೇಲೆ ಒಂದು ಸುತ್ತು ಮೂಡುತ್ತದೆ, ಸಿಗಡಿ ಮಾಯ. ಬಾಗಿಲು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಏನೂ ಇರುವುದಿಲ್ಲ. ಸೇತುವೆಯ ಕಂಬ, ಬಂಡೆ, ಕಾಂದಳಿನ (ಮ್ಯಾಂಗ್ರೋವ್) ಬೇರು, ಎಲ್ಲ ಕಡೆ ನಡೆಯುವುದು ಇದೇ. ನೀರು ಊಟ ತರುತ್ತದೆ, ದೊಡ್ಡ ಮೀನು ಮರೆಯಲ್ಲಿ ನಿಂತು ತಿನ್ನುತ್ತದೆ. ಒಂದು ಎಚ್ಚರಿಕೆ: ಮಾನಸ್ ಬಾಯಿಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಪಡೆದವರಿರುತ್ತಾರೆ. ಕೇಳದೆ ಅಲ್ಲಿ ಗಾಳ ಇಳಿಸಬೇಡಿ.

ಹೊತ್ತು ತಿಳಿಯುವುದು ಕಷ್ಟವಲ್ಲ. ಮೊರ್ಮುಗಾವ್ ಬಂದರಿನ ಭರತ-ಇಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಒಳನಾಡಿಗೆ ಹೋದಷ್ಟೂ ತಡ ಸೇರಿಸಿಕೊಳ್ಳಿ. ಆರು ಗಂಟೆಯ ಏರಿಕೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆ, ಈ ಎರಡರಲ್ಲೇ ಸುಮಾರು ಅರ್ಧ ನೀರು ಏರಿಬಿಡುತ್ತದೆ. ಇಳಿಯುವಾಗಲೂ ಹಾಗೆಯೇ. ಆ ಎರಡು ಗಂಟೆಯನ್ನು ಹಿಡಿಯಿರಿ. ನನಗೆ ಇಷ್ಟವಾದ ದಿನಗಳು ಅಮಾವಾಸ್ಯೆ, ಹುಣ್ಣಿಮೆ ಕಳೆದು ಮೂರು ನಾಲ್ಕು ದಿನ. ಆಗ ನೀರು ಓಡುತ್ತದೆ, ಆದರೆ ಸೀಸವನ್ನೇ ಎತ್ತಿಕೊಂಡು ಹೋಗುವಷ್ಟು ಹುಚ್ಚಾಗಿ ಓಡುವುದಿಲ್ಲ.

ಇನ್ನು ಬೇಟ್. ಚೊಣಾಕ್‌ಗೆ ಜೀವಂತ ಸಿಗಡಿಯನ್ನು ಮೀರಿಸಿದ್ದು ನಾನು ನೋಡಿಲ್ಲ. ಸಿಗಡಿಯ ತಲೆಯಲ್ಲಿ ಕೊಂಬಿನ ಕೆಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಗಾಳ ಅದಕ್ಕೆ ತಾಗಬಾರದು, ತಾಗಿದರೆ ಸಿಗಡಿ ಸತ್ತೇ ಹೋಗುತ್ತದೆ. ಚುಕ್ಕೆಯ ಮುಂದೆ, ಕೊಂಬಿನ ಬುಡದಲ್ಲಿ ಚುಚ್ಚಿ. ನೀರು ಬರುವ ದಿಕ್ಕಿಗೆ ಎಸೆದು, ಕಂಬದ ಪಕ್ಕದ ಸುಳಿಗೆ ತಾನಾಗಿ ತೇಲಿಬರಲು ಬಿಡಿ. ತಂಗೂಸಿಯ ತುದಿಗೆ ದಪ್ಪನೆಯ ಲೀಡರ್ (ಗಾಳದ ಹತ್ತಿರದ ಗಟ್ಟಿ ದಾರ) ಇರಲಿ. ಚೊಣಾಕ್‌ನ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ತಂಗೂಸಿಯನ್ನೂ ಕೊಯ್ಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ತಾಂಬುಸೊಗೂ ಇದೇ ಬೇಟ್ ಸಾಕು. ಆದರೆ ಕಚ್ಚಿದ ಕೂಡಲೇ ಎಳೆಯಿರಿ, ಬಿಟ್ಟರೆ ಕಲ್ಲಿನ ಸಂದಿಗೆ ನುಗ್ಗುತ್ತದೆ.

ನನ್ನ ಪ್ರೀತಿಯ ಮೀನು ಮಾತ್ರ ಕಾಣೆ. ದೊಡ್ಡ ರಾಡ್ ಬೇಡ, ದೋಣಿ ಬೇಡ. ಮಾಜೋರ್ಡಾ ಕಡೆಯ ಮರಳಿನ ದಂಡೆಯಲ್ಲಿ ಭರತ ಏರುವಾಗ ಮೊಣಕಾಲು ನೀರಿನಲ್ಲಿ ನಿಂತರೆ ಸಾಕು. ಒಣಗಿದ್ದ ಮರಳಿನ ಮೇಲೆ ನೀರು ಬಂದ ಕೂಡಲೇ ಕಾಣೆ ಹುಳ ಹುಡುಕಿಕೊಂಡು ಬರುತ್ತದೆ. ಅದರ ಬಾಯಿ ಚಿಕ್ಕದು. ಚಿಕ್ಕ ಗಾಳ, ಹಗುರ ಸೀಸ, ಉಗುರಿನಷ್ಟು ಸಿಗಡಿ ಚೂರು. ತಳಕ್ಕೆ ಬಿಟ್ಟು ನಿಧಾನವಾಗಿ ಎಳೆಯುತ್ತಾ ಬನ್ನಿ. ಬೆರಳಿಗೆ ಟಕ್ ಟಕ್ ಅಂತ ತಟ್ಟಿದಾಗ ಜಗ್ಗಬೇಡಿ, ಇನ್ನೊಂದು ಸಲ ತಟ್ಟಲಿ. ಆ ಸಂಜೆಯ ರವೆ ಫ್ರೈಗೆ ಬೇರೆ ಸಾಟಿ ಇಲ್ಲ.

ಕಾಳುಂದ್ರ, ಅಂದರೆ ಕೇರಳದವರ ಕರಿಮೀನ್, ಈ ನಿಯಮಕ್ಕೆ ಹೊರತು. ಅದಕ್ಕೆ ನೀರು ಮಂದವಾಗಿದ್ದರೇ ಇಷ್ಟ. ಗೋಡೆಯ ಪಾಚಿ ಮೇಯುವ ಮೀನು ಅದು. ಬೆಂಡು ಕಟ್ಟಿ, ಚಿಕ್ಕ ಗಾಳಕ್ಕೆ ಗೋಧಿ ಹಿಟ್ಟಿನ ಉಂಡೆ ಹಾಕಿ. ನೀರಿಂದ ಚಂಗನೆ ಹಾರುವ ಶೆವ್ಟೊ ನೋಡಿ ಸಿಗಡಿ ಎಸೆಯುವವರು ತುಂಬಾ ಜನ. ಅದು ಕೆಸರಿನ ಮೇಲಿನ ಪಾಚಿ ತಿನ್ನುವ ಮೀನು, ಸಿಗಡಿಗೆ ಬರುವುದು ಅಪರೂಪ. ಬಲೂನಿನಂತೆ ಊದಿಕೊಳ್ಳುವ ಮೀನು ಬಂದರೆ ಬಿಟ್ಟುಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೀಸೆ ಮೀನಿನ ಮುಳ್ಳು ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈ ಇಡಿ, ನೋವು ಇಳಿಯುತ್ತದೆ. ಮಳೆಗಾಲದಲ್ಲಿ ಸಮುದ್ರದ ಬಂಡೆಗಳ ಮೇಲೆ ಹೋಗಲೇಬೇಡಿ. ಆ ತಿಂಗಳುಗಳಲ್ಲಿ ನದಿಯ ಕಟ್ಟೆ ಸಾಕು.

ಇದನ್ನೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಸಿಕ್ಕ ದೊಡ್ಡ ಚೊಣಾಕ್ ಏನು ಮಾಡಬೇಕು? ಕೇಳದಿದ್ದರೂ ಹೇಳುತ್ತೇನೆ. ಚೊಣಾಕ್ ಮೊದಲು ಗಂಡಾಗಿ ಬೆಳೆಯುತ್ತದೆ, ಕೆಲವು ವರ್ಷದ ನಂತರ ಹೆಣ್ಣಾಗಿ ಬದಲಾಗುತ್ತದೆ. ಹಾಗಾಗಿ ಮೀಟರ್ ಉದ್ದದ ಮೀನು ಸಿಕ್ಕಿತು ಅಂದರೆ ಅದು ಹೆಚ್ಚುಕಡಿಮೆ ಹೆಣ್ಣೇ. ಅಂಥ ಒಂದು ಮೀನು ನದಿಬಾಯಿಯ ಉಪ್ಪುನೀರಿನಲ್ಲಿ ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ. ಆ ಮರಿಗಳೇ ಖಾಜನ್, ಕಾಂದಳಿನ ನೀರಿಗೆ ಬಂದು ಬೆಳೆಯುತ್ತವೆ. ಊಟಕ್ಕೆ ಎರಡು ಮೂರು ಕಿಲೋದ ಮೀನು ಧಾರಾಳ ಸಾಕು, ರುಚಿಯೂ ಅದರದ್ದೇ ಜಾಸ್ತಿ. ದೊಡ್ಡದನ್ನು ಬಿಡಿ ಅಂತ ಕೈ ಮುಗಿದು ಕೇಳುತ್ತೇನೆ.

ಬಿಡುವುದಕ್ಕೂ ಕ್ರಮ ಇದೆ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಅದರ ಮೈಲೋಳೆ ಕಿತ್ತು ಬರುತ್ತದೆ. ದವಡೆ ಹಿಡಿದು ನೇತಾಡಿಸಬೇಡಿ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ಫೋಟೊ ಬೇಕಿದ್ದರೆ ಸ್ನೇಹಿತರು ಮೊದಲೇ ಫೋನ್ ತೆಗೆದು ಸಿದ್ಧ ಇರಲಿ. ಆಮೇಲೆ ಮೀನಿನ ಮುಖ ನೀರು ಬರುವ ದಿಕ್ಕಿಗೆ ತಿರುಗಿಸಿ ಮೆಲ್ಲಗೆ ಹಿಡಿದುಕೊಳ್ಳಿ. ಕಿವಿರು ಚೆನ್ನಾಗಿ ಆಡತೊಡಗಿ ಬಾಲ ತಾನಾಗಿ ಬಡಿಯುವವರೆಗೂ ಕೈ ಬಿಡಬೇಡಿ.