ಮುಳ್ಳಯ್ಯನಗಿರಿಯ ಕಾಣೆಯಾದ ಎಂಬತ್ತೈದು ಮೀಟರ್

ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿಯನ್ನು ಏರಿ, ಗುಡಿಯ ಗೋಡೆಗೆ ಒರಗಿ ಕುಳಿತ ಚಾರಣಿಗರು ಬೆವರು ಆರುವ ಮೊದಲೇ ಮಾಡುವ ಕೆಲಸವೊಂದಿದೆ. ಅದು, ತಾವೀಗ ಎಷ್ಟು ಎತ್ತರದಲ್ಲಿದ್ದೇವೆ ಎಂದು ನೋಡಿಕೊಳ್ಳುವುದು. ಒಬ್ಬರ ಕೈಯಲ್ಲಿರುವ ಜಿಪಿಎಸ್ ಉಪಕರಣವು ಪುಸ್ತಕಗಳಲ್ಲಿರುವಂತೆ 1,930 ಮೀಟರಿನ ಆಸುಪಾಸು ತೋರಿಸಿದರೆ, ಪಕ್ಕದಲ್ಲಿ ಕುಳಿತವರ ಫೋನಿನಲ್ಲಿ ಕೆಲವೊಮ್ಮೆ 1,845ರ ಸುತ್ತಮುತ್ತಲಿನ ಅಂಕಿ ಇರುತ್ತದೆ. ನಾಡಿನ ಅತಿ ಎತ್ತರದ ಶಿಖರವು ಒಂದೇ ಕಲ್ಲಿನ ಮೇಲೆ ಕುಳಿತ ಇಬ್ಬರಿಗೆ ಎರಡು ಎತ್ತರವಾಗಿ ಕಾಣುವುದಾದರೂ ಹೇಗೆ?

ಈ ಪ್ರಶ್ನೆಗೆ ಬೆಟ್ಟದ ಮೇಲೆಯೇ ಧಾರಾಳವಾಗಿ ಸಿಗುವ ಉತ್ತರಗಳನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಬೆಟ್ಟಕ್ಕೆ ಕಾಂತಶಕ್ತಿ ಇದೆಯಂತೆ, ಒಳಗಿನ ಕಬ್ಬಿಣದ ಅದಿರು ಯಂತ್ರವನ್ನು ಕೆಳಕ್ಕೆ ಎಳೆಯುತ್ತದೆಯಂತೆ, ದೈವದ ಸ್ಥಳದಲ್ಲಿ ಯಂತ್ರಗಳ ಆಟ ನಡೆಯುವುದಿಲ್ಲವಂತೆ. ಬಾಬಾಬುಡನ್ ಶ್ರೇಣಿಯಲ್ಲಿ ಕಬ್ಬಿಣದ ಅದಿರು ಇರುವುದು ನಿಜ. ಕಾಂತಗುಣವುಳ್ಳ ಬಂಡೆಯ ಮೇಲೆ ದಿಕ್ಸೂಚಿಯನ್ನು ಇಟ್ಟರೆ ಅದರ ಮುಳ್ಳು ಓಲುವುದೂ ನಿಜ. ಆದರೆ ಜಿಪಿಎಸ್ ಉಪಕರಣವು ಸ್ಥಳವನ್ನು ಹುಡುಕುವುದು ಮುಳ್ಳಿನಿಂದಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬರುವ ರೇಡಿಯೋ ಸಂಕೇತಗಳು ಎಷ್ಟು ಹೊತ್ತು ಪ್ರಯಾಣ ಮಾಡಿವೆ ಎಂಬುದನ್ನಷ್ಟೇ ಅದು ಲೆಕ್ಕ ಹಾಕುತ್ತದೆ. ನೆರೆಯ ಹಾಸನದ ನಿಯಂತ್ರಣ ಕೇಂದ್ರದಿಂದ ಇಸ್ರೋ ನೋಡಿಕೊಳ್ಳುವ ನಾವಿಕ್ ಉಪಗ್ರಹಗಳೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಈ ಲೆಕ್ಕದಲ್ಲಿ ಕಬ್ಬಿಣಕ್ಕೆ ಯಾವ ಪಾತ್ರವೂ ಇಲ್ಲ.

ಉಪಕರಣವಾಗಲಿ ಫೋನಾಗಲಿ ಸುಳ್ಳು ಹೇಳುತ್ತಿಲ್ಲ. ಅವು ಎಣಿಕೆ ಆರಂಭಿಸುವ ಸೊನ್ನೆಗಳು ಬೇರೆ ಬೇರೆ, ಅಷ್ಟೆ. ಉಪಗ್ರಹ ವ್ಯವಸ್ಥೆಗೆ ಸಮುದ್ರ ಎಂಬುದೊಂದು ಇದೆಯೆಂದೇ ಗೊತ್ತಿಲ್ಲ. ಅದು ಭೂಮಿಯನ್ನು ಸಮಭಾಜಕದಲ್ಲಿ 6,378.137 ಕಿಲೋಮೀಟರ್ ತ್ರಿಜ್ಯವುಳ್ಳ, ಧ್ರುವಗಳಲ್ಲಿ ಅದಕ್ಕಿಂತ ಸುಮಾರು 21 ಕಿಲೋಮೀಟರ್ ಕಡಿಮೆಯಾದ, ಗಣಿತದ ನುಣುಪಾದ ಗೋಳವೆಂದು ಭಾವಿಸಿ, ಆ ಕಲ್ಪಿತ ಮೈಯಿಂದ ಎತ್ತರವನ್ನು ಅಳೆಯುತ್ತದೆ. ಪುಸ್ತಕದ 1,930 ಮೀಟರ್ ಸಮುದ್ರಮಟ್ಟದಿಂದ ಎಣಿಸಿದ್ದು. ನಮ್ಮ ದೇಶದಲ್ಲಿ ಆ ಮಟ್ಟವನ್ನು 1909ರಲ್ಲಿ ನಿಗದಿಪಡಿಸಿದಾಗ ಉಬ್ಬರವಿಳಿತಗಳ ದಾಖಲೆ ಒದಗಿಸಿದ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ದಕ್ಷಿಣ ಭಾರತದ ಸುತ್ತಲಿನ ನಿಜವಾದ ಸಮುದ್ರವು ಆ ಗಣಿತದ ಗೋಳಕ್ಕಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗಿದೆ. ನಂಬಿಕೆ ಬಾರದಿದ್ದರೆ, ಎತ್ತರವನ್ನು ತಿದ್ದದೆ ಹಾಗೆಯೇ ತೋರಿಸುವ ಆ್ಯಪ್ ಒಂದನ್ನು ಮಂಗಳೂರಿನ ಕಡಲತೀರದಲ್ಲಿ ತೆರೆದು ನೋಡಬಹುದು. ಅಲೆ ಕಾಲಿಗೆ ತಾಗುತ್ತಿರುವಾಗಲೇ ಅದು ನಿಮ್ಮನ್ನು ಸೊನ್ನೆಗಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಆಳದಲ್ಲಿ ಇರಿಸಿರುತ್ತದೆ.

ಹಾಗಾದರೆ ಸಮುದ್ರಕ್ಕೆ ತಗ್ಗು ಇದೆಯೇ, ಇದ್ದರೆ ಸುತ್ತಲಿನ ನೀರು ಹರಿದು ಬಂದು ಅದನ್ನು ತುಂಬುವುದಿಲ್ಲವೇಕೆ? ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮನೆ ಕಟ್ಟುವ ಗಾರೆಯವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಗಳನ್ನು ಎರಡು ಗೋಡೆಗಳಿಗೆ ಹಿಡಿದು ಮಟ್ಟ ನೋಡುವುದನ್ನು ಎಲ್ಲರೂ ಕಂಡಿದ್ದೇವೆ. ಅಂಥ ಪೈಪೊಂದನ್ನು ಮಂಗಳೂರಿನ ಕಡಲಿನಿಂದ ಘಟ್ಟವನ್ನು ಕೊರೆದು ಮುಳ್ಳಯ್ಯನಗಿರಿಯ ಬುಡಕ್ಕೆ ಎಳೆದರೆ ಅಲ್ಲಿ ನೀರು ಎಲ್ಲಿ ನಿಲ್ಲುತ್ತದೆಯೋ ಅದೇ ಆ ಜಾಗದ ಸಮುದ್ರಮಟ್ಟ. ವಿಜ್ಞಾನಿಗಳು ಆ ಮೈಯನ್ನು ಜಿಯಾಯ್ಡ್ ಎನ್ನುತ್ತಾರೆ. ನೀರಿಗೆ ಗಣಿತದ ಗೋಳ ತಿಳಿಯದು, ಗುರುತ್ವ ಮಾತ್ರ ತಿಳಿಯುತ್ತದೆ. ಇದನ್ನು ಹಗ್ಗಜಗ್ಗಾಟವೆಂದು ಭಾವಿಸಿ: ಸಮುದ್ರದ ಪ್ರತಿಯೊಂದು ಹನಿಯನ್ನೂ ಸುತ್ತಲಿನ ನೆಲದಾಳವು ಎಲ್ಲ ಕಡೆಗಳಿಂದಲೂ ಜಗ್ಗುತ್ತಿರುತ್ತದೆ, ಒಂದು ಜಾಗದ ಕೆಳಗೆ ದ್ರವ್ಯ ಕಡಿಮೆಯಿದ್ದರೆ ಅಲ್ಲಿಯ ತಂಡ ದುರ್ಬಲವಾಗಿ ನೀರು ಬದಿಗಳತ್ತ ಸರಿದುಬಿಡುತ್ತದೆ. ಹಾಗೆ ಸರಿದು ನಿಂತ ಮೇಲೆ ಆ ತಗ್ಗು ನೀರಿನ ಪಾಲಿಗೆ ತಗ್ಗೇ ಅಲ್ಲ, ಅದೇ ಸಮತಟ್ಟು. ಅದರ ಮೇಲೆ ಸಾಗುವ ಹಡಗು ಇಳಿಜಾರಿನಲ್ಲಿ ಜಾರುವುದಿಲ್ಲ. ಹಡಗಿನಲ್ಲಿ ಇಟ್ಟ ಗೋಲಿಯೂ ಉರುಳುವುದಿಲ್ಲ.

ಶ್ರೀಲಂಕಾದ ದಕ್ಷಿಣಕ್ಕೆ ಈ ತಗ್ಗು ಸುಮಾರು 106 ಮೀಟರಿಗೆ ಇಳಿಯುತ್ತದೆ. ಇಡೀ ಭೂಮಿಯಲ್ಲಿ ಇದಕ್ಕಿಂತ ಆಳವಾದ ಗುರುತ್ವದ ತಗ್ಗು ಇನ್ನೊಂದಿಲ್ಲ. ಮಲೆನಾಡು ಅದರ ವಿಶಾಲವಾದ ಅಂಚಿನ ಮೇಲೆ ಕುಳಿತಿದೆ. ಆಫ್ರಿಕದ ಆಳದಿಂದ ಎದ್ದು ಬಂದ ಬಿಸಿಯಾದ, ಹಗುರವಾದ ಶಿಲಾದ್ರವ್ಯವು ಹಿಂದೂ ಮಹಾಸಾಗರದ ಅಡಿಯಲ್ಲಿ ಹರಡಿರುವುದೇ ಇದಕ್ಕೆ ಕಾರಣವಿರಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಸೂಚಿಸಿದರು.

ನೆಲದಾಳದ ತೂಕವು ಮೇಲಿನ ಮಟ್ಟವನ್ನು ಕೆಡಿಸುತ್ತದೆ ಎಂಬ ಸುಳಿವು ಸಿಕ್ಕಿದ್ದು ಉಪಗ್ರಹಗಳಿಂದಲ್ಲ, ತೂಗುಗುಂಡಿನಿಂದ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯಲ್ಲಿ ಅಭ್ಯಾಸ ಮಾಡಿ 1802ರಲ್ಲಿ ಮದರಾಸಿನಿಂದ ಆರಂಭಿಸಿದ ಮಹಾ ತ್ರಿಕೋನ ಮೋಜಣಿಯು ಉತ್ತರ ಭಾರತವನ್ನು ತಲುಪಿದಾಗ, ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ಠಾಣೆಗಳ ನಡುವಿನ ಅಂತರವು ನೆಲದ ಅಳತೆಯಲ್ಲಿ ಒಂದು ಬಗೆಯಾಗಿಯೂ ತೂಗುಗುಂಡಿನ ನೇರವನ್ನು ಆಧರಿಸಿದ ನಕ್ಷತ್ರಗಳ ಲೆಕ್ಕದಲ್ಲಿ ಇನ್ನೊಂದು ಬಗೆಯಾಗಿಯೂ ಬಂದಿತು. ವ್ಯತ್ಯಾಸ ಸುಮಾರು 160 ಮೀಟರ್. ಹಿಮಾಲಯವು ತೂಗುಗುಂಡನ್ನು ತನ್ನೆಡೆಗೆ ಸೆಳೆದಿರಬೇಕೆಂದು ಕಲ್ಕತ್ತೆಯ ಪಾದ್ರಿ ಪ್ರಾಟ್ 1855ರಲ್ಲಿ ಲೆಕ್ಕ ಹಾಕಿದರೆ, ಸೆಳೆತವು ಕಂಡದ್ದಕ್ಕಿಂತ ಮೂರು ಪಟ್ಟು ಇರಬೇಕಾಗಿತ್ತು. ಅಷ್ಟು ದೊಡ್ಡ ಪರ್ವತದ ಅಡಿಯಲ್ಲಿ ಹಗುರವಾದ ಬೇರು ಇದೆ ಎಂದು ಅದೇ ವರ್ಷ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ವಿವರಿಸಿದನು. ಬೆಟ್ಟವೊಂದನ್ನು ಅದರ ಮೇಲ್ಭಾಗ ಮಾತ್ರ ನೋಡಿ ಅಳೆಯಲಾಗದು ಎಂದು ಆಗ ಸ್ಪಷ್ಟವಾಯಿತು.

ಚಾರಣಕ್ಕೆಂದೇ ತಯಾರಾದ ಕೈ ಉಪಕರಣಗಳ ನೆನಪಿನಲ್ಲಿ ಸಾಮಾನ್ಯವಾಗಿ ಈ ಜಿಯಾಯ್ಡ್‌ನ ಕೋಷ್ಟಕವಿರುತ್ತದೆ. ಅವು ತಾವೇ ವ್ಯತ್ಯಾಸವನ್ನು ಸರಿಪಡಿಸಿ ಸಮುದ್ರಮಟ್ಟದಿಂದಿರುವ ಎತ್ತರವನ್ನು ತೋರಿಸುತ್ತವೆ. ಕೆಲವು ಫೋನುಗಳೂ ಹಾಗೆಯೇ ಮಾಡುತ್ತವೆ. ಉಳಿದವುಗಳಲ್ಲಿ ಅದು ಆ್ಯಪ್ ಬರೆದವರ ಶ್ರದ್ಧೆಗೆ ಬಿಟ್ಟದ್ದು. ಆದರೂ ಉಪಗ್ರಹದ ಎತ್ತರವು ಅಕ್ಷಾಂಶ ರೇಖಾಂಶಗಳಷ್ಟು ನಿಖರವಲ್ಲ, ಏಕೆಂದರೆ ಉಪಗ್ರಹಗಳೆಲ್ಲ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ತೇರಿನ ಹಗ್ಗವನ್ನು ಎಲ್ಲರೂ ಮುಂದಿನಿಂದಲೇ ಎಳೆದರೆ, ಹಿಂದಿನಿಂದ ತಡೆಯುವವರಿಲ್ಲದೆ ತೇರನ್ನು ಗುರುತಿಗೆ ಸರಿಯಾಗಿ ನಿಲ್ಲಿಸುವುದು ಕಷ್ಟ.

ಆದ್ದರಿಂದಲೇ ಉತ್ತಮ ಉಪಕರಣಗಳಲ್ಲಿ ವಾಯುಭಾರಮಾಪಕವೂ ಇರುತ್ತದೆ. ನಮ್ಮ ಬೆಟ್ಟಗಳ ಎತ್ತರದಲ್ಲಿ ಸುಮಾರು ಒಂಬತ್ತು ಹತ್ತು ಮೀಟರ್ ಏರಿದರೆ ಗಾಳಿಯ ಒತ್ತಡವು ಒಂದು ಮಿಲಿಬಾರ್ ಇಳಿಯುತ್ತದೆ, ಅದನ್ನು ಇದು ಸೂಕ್ಷ್ಮವಾಗಿ ಹಿಡಿಯುತ್ತದೆ. ಇದಕ್ಕೂ ಒಂದು ಚಪಲವಿದೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡವು ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ ಸಂಜೆ ನಾಲ್ಕರ ಹೊತ್ತಿಗೆ ಸುಮಾರು ಮೂರು ಮಿಲಿಬಾರ್ ಇಳಿಯುವುದರಿಂದ, ನನ್ನ ಉಪಕರಣವನ್ನು ಇಡೀ ದಿನ ಮೇಜಿನ ಮೇಲೆಯೇ ಬಿಟ್ಟಿದ್ದಾಗ ಮನೆಯು ಸಂಜೆಯೊಳಗೆ ಇಪ್ಪತ್ತೈದು ಮೀಟರಿಗೂ ಹೆಚ್ಚು ಮೇಲೇರಿತ್ತು.

ಪರಿಹಾರ ಸುಲಭವಾಗಿದೆ. ರೈಲು ನಿಲ್ದಾಣಗಳ ಹಳದಿ ಫಲಕಗಳಲ್ಲಿ ಹೆಸರಿನ ಜೊತೆಗೆ ಸಮುದ್ರಮಟ್ಟದಿಂದಿರುವ ಎತ್ತರವನ್ನೂ ಬರೆದಿರುತ್ತಾರೆ. ಸಕಲೇಶಪುರದಲ್ಲೋ ಚಿಕ್ಕಮಗಳೂರಿನಲ್ಲೋ ಇಳಿದವರು ಫಲಕದ ಬಳಿ ನಿಂತು ಉಪಕರಣಕ್ಕೆ ಆ ಅಂಕಿಯನ್ನು ಕೊಟ್ಟು ಹೊರಡಬಹುದು. ಸಂಜೆ ಮರಳಿ ಬಂದು ಅದೇ ಫಲಕದ ಮುಂದೆ ನಿಂತಾಗ ಕಾಣುವ ಹೆಚ್ಚುವರಿ ಮೀಟರುಗಳೆಲ್ಲ ಆ ದಿನದ ಗಾಳಿಯವು. ಅವುಗಳನ್ನೂ ತಾವು ಏರಿದ ಲೆಕ್ಕಕ್ಕೆ ಸೇರಿಸಿಕೊಂಡು ಹೇಳುವ ಗೆಳೆಯರು ನನಗಿದ್ದಾರೆ.