ಬಣ್ಣದಡಿ ಸಿಕ್ಕ ಹಡಗುಗಳು

ಜರ್ಮನಿಯ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ ಬರೆದ ‘ಕಡಲ ತೀರದ ಸನ್ಯಾಸಿ’ ಚಿತ್ರದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬರೀ ಆಕಾಶ. ಕೆಳಗೆ ಕಪ್ಪು ಸಮುದ್ರದ ಪಟ್ಟಿ, ಬಿಳಚಿದ ಮರಳು, ಅಲ್ಲೊಬ್ಬ ಪುಟ್ಟ ಸನ್ಯಾಸಿ. ಶಿಲುಬೆ ಇಲ್ಲ, ದೇವದೂತರಿಲ್ಲ. 1810ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಯುವರಾಜನ ಒತ್ತಾಯಕ್ಕೆ ಪ್ರಶ್ಯದ ರಾಜ ಅದನ್ನು ಕೊಂಡುಕೊಂಡ.

ಈ ಖಾಲಿ ಸಮುದ್ರ ಮೊದಲು ಖಾಲಿ ಇರಲಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಕ್ಯಾಮರಾ ಹಿಡಿದಾಗ ಬಣ್ಣದಡಿಯಲ್ಲಿ ಹಾಯಿಹಡಗುಗಳು ಕಂಡವು. ಫ್ರೀಡ್ರಿಶ್ ಅವನ್ನು ತಾನೇ ಮುಚ್ಚಿಹಾಕಿದ್ದ.

ಇನ್‌ಫ್ರಾರೆಡ್ ಅಂದ ಕೂಡಲೇ ‘ಶಾಖ ನೋಡುವ ಕ್ಯಾಮರಾ’ ಅಂತ ಶುರು ಮಾಡುತ್ತಾರೆ. ಅಲ್ಲ ಮಾರಾಯ್ರೆ! ಇಲ್ಲಿ ಹಿಡಿಯುವುದು ಚಿತ್ರದ ಶಾಖವನ್ನಲ್ಲ. ದೀಪದ ಬೆಳಕು ಬಣ್ಣದೊಳಗೆ ಇಳಿದು, ವಾಪಸ್ ಬಂದದ್ದನ್ನು ಕ್ಯಾಮರಾ ಹಿಡಿಯುತ್ತದೆ, ಅಷ್ಟೇ. ಹಾಲಿನ ಲೋಟದಲ್ಲಿ ಮುಳುಗಿದ ಚಮಚ ಯಾಕೆ ಕಾಣುವುದಿಲ್ಲ? ಹಾಲಿನ ಸಣ್ಣ ಕಣಗಳು ಬೆಳಕನ್ನು ಅತ್ತಿತ್ತ ಚದುರಿಸುತ್ತವೆ. ಬಣ್ಣದ ಕಣಗಳೂ ಹಾಗೇ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದ. 1000 ದಾಟಿದ ಇನ್‌ಫ್ರಾರೆಡ್ ಅಲೆಗಳು ಅಷ್ಟು ಸುಲಭವಾಗಿ ಚದುರುವುದಿಲ್ಲ, ಹಲವು ಬಣ್ಣಗಳು ಅವನ್ನು ಹೀರುವುದೂ ಕಡಿಮೆ. ಹಾಗಾಗಿ ಅವು ಒಳಗಿನವರೆಗೂ ಹೋಗುತ್ತವೆ. ಕ್ಯಾನ್ವಾಸಿಗೆ ಮೊದಲು ಬಳಿದ ತಿಳಿ ಬಣ್ಣ ಅವನ್ನು ವಾಪಸ್ ಕಳಿಸುತ್ತದೆ, ಅದರ ಮೇಲೆ ಎಳೆದ, ಇಂಗಾಲವಿರುವ ಕಪ್ಪು ಗೆರೆ ನುಂಗಿಬಿಡುತ್ತದೆ. ಅಲ್ಲಿ ಗೆರೆ ಮೂಡುತ್ತದೆ. ಫ್ರೀಡ್ರಿಶ್ ಬಣ್ಣವನ್ನು ತೆಳುವಾಗಿ ಹಚ್ಚುತ್ತಿದ್ದವನು, ಅದೂ ಅನುಕೂಲವೇ ಆಯಿತು. 1960ರ ದಶಕದ ಕೊನೆಯಲ್ಲಿ ಡಚ್ ವಿಜ್ಞಾನಿ ಫಾನ್ ಆಸ್ಪೆರೆನ್ ಡಿ ಬೂರ್ ಈ ವಿಧಾನಕ್ಕೆ ರೂಪ ಕೊಟ್ಟ.

ಇದರಲ್ಲಿ ಗುಪ್ತ ಸಂಕೇತ, ನಿಗೂಢ ಸಂದೇಶ ಹುಡುಕುವವರಿಗೂ ಕೊರತೆಯಿಲ್ಲ. ಅದೆಲ್ಲ ಸುಮ್ನೆ. ಚಿತ್ರಕಾರ ಮನಸ್ಸು ಬದಲಾಯಿಸಿದ, ಅಷ್ಟೇ. ಆದರೆ ಎಂಥ ಬದಲಾವಣೆ! ಹಡಗು ಇದ್ದಿದ್ದರೆ ನಮ್ಮ ಕಣ್ಣು ಅಲ್ಲಿ ಹೋಗಿ ನಿಲ್ಲುತ್ತಿತ್ತು, ದೂರ ಎಷ್ಟೆಂದು ಅಂದಾಜೂ ಸಿಗುತ್ತಿತ್ತು. ಈಗ ಸನ್ಯಾಸಿಯ ಎದುರು ಅಳತೆಗೆ ಏನೂ ಇಲ್ಲ.

ಇದಕ್ಕಿಂತ ಸ್ವಲ್ಪ ಮೊದಲು, 1809ರಲ್ಲಿ, ಅವನ ಇನ್ನೊಂದು ಚಿತ್ರದ ಬಗ್ಗೆ ದೊಡ್ಡ ಜಗಳವೇ ಆಗಿತ್ತು. ಪೂಜಾಪೀಠದ ಮೇಲೆ ಬೆಟ್ಟ, ಮರಗಳ ಚಿತ್ರ ತಂದು ಕೂರಿಸುವುದೇ ಅಂತ ರಾಮ್ಡೋರ್ ಎಂಬ ವಿಮರ್ಶಕ ಸಿಟ್ಟಾಗಿದ್ದ. ಅದರಲ್ಲಿ ಬೆಟ್ಟದ ತುದಿಗೆ ಶಿಲುಬೆಯಾದರೂ ಇತ್ತು. ‘ಸನ್ಯಾಸಿ’ಯ ಜೋಡಿ ಚಿತ್ರದಲ್ಲೂ ಪಾಳುಬಿದ್ದ ಮಠ, ಶವಪೆಟ್ಟಿಗೆ, ಶಿಲುಬೆ ಎಲ್ಲ ಇವೆ. ನನಗೆ ಅವೆರಡೂ ಸ್ವಲ್ಪ ಜಾಸ್ತಿ ಮಾತಾಡುತ್ತವೆ ಅನಿಸುತ್ತದೆ.